ಬಾಯಿಯ ಬ್ಯಾಕ್ಟೀರಿಯಾಗೆ ಯಾವ ಅಗರ್?

ನ್ಯೂಟ್ರಿಯೆಂಟ್ ಅಗರ್ ಅಗ್ಗ, ನಿಜ. ಆದರೆ ಬಾಯಿಯ ಬಹುಪಾಲು ಬ್ಯಾಕ್ಟೀರಿಯಾಗಳಿಗೆ ಅದು ಬರೀ ಗಂಜಿನೀರು. ನಿಮ್ಮ ಪ್ಲೇಟುಗಳಲ್ಲಿ ಹೆಚ್ಚೇನೂ ಬೆಳೆಯದಿದ್ದರೆ ಆಶ್ಚರ್ಯವಿಲ್ಲ. ಎಲ್ಲರ ಮುಖಪರಿಚಯವಷ್ಟೇ ಸಾಕೆಂದರೆ ಶೇ 5ರಷ್ಟು ಕುರಿರಕ್ತ ಬೆರೆಸಿದ ಬ್ಲಡ್ ಅಗರ್ ಬಳಸಿ. ಬಾಯಿಯ ಅನೇಕ ಸ್ಟ್ರೆಪ್ಟೊಕಾಕಸ್‌ಗಳು ಅದರ ಮೇಲೆ ಕಾಲೊನಿಯ ಸುತ್ತ ಹಸಿರು ಛಾಯೆ ಬಿಡುತ್ತವೆ.

ನಿಮ್ಮ ಪ್ರಾಜೆಕ್ಟ್ ಹುಳುಕು ಹಲ್ಲಿನದು ಅಂದಿರಿ. ಹಾಗಿದ್ದರೆ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್‌ಗೆಂದೇ 1973ರಲ್ಲಿ ರೂಪುಗೊಂಡ ಮೈಟಿಸ್ ಸಲೈವೇರಿಯಸ್ ಬ್ಯಾಸಿಟ್ರಾಸಿನ್ ಅಗರ್ ಸರಿ. ಅದರಲ್ಲಿ ಸಕ್ಕರೆಯೇ ಶೇ 20! ಬ್ಯಾಸಿಟ್ರಾಸಿನ್ ಮತ್ತು ಪೊಟ್ಯಾಸಿಯಂ ಟೆಲ್ಯುರೈಟ್ ಉಳಿದವುಗಳನ್ನು ತಡೆಯುತ್ತವೆ. ಇವೆರಡನ್ನೂ ಆಟೊಕ್ಲೇವ್ ಆದ ಅಗರ್ ಸುಮಾರು 50 ಡಿಗ್ರಿಗೆ ಇಳಿದ ಮೇಲೆಯೇ ಬೆರೆಸಿ. ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಆಮೇಲೆ 37 ಡಿಗ್ರಿಯಲ್ಲಿ 48 ಗಂಟೆ. ಇಂಗಾಲದ ಡೈಆಕ್ಸೈಡ್‌ನ ಇನ್‌ಕ್ಯುಬೇಟರ್ ಇಲ್ಲದಿದ್ದರೆ ಮೇಣದಬತ್ತಿ ಹಚ್ಚಿಟ್ಟು ಮುಚ್ಚುವ ಕ್ಯಾಂಡಲ್ ಜಾರ್ ನಡೆದೀತು.

ಲ್ಯಾಕ್ಟೊಬ್ಯಾಸಿಲಸ್‌ಗಾದರೆ ಆಮ್ಲೀಯವಾದ ರೊಗೋಸಾ ಅಗರ್. ವಸಡಿನ ಪಾರ್ಫೈರೊಮೊನಾಸ್‌ನ ಗೊಡವೆ ಸದ್ಯಕ್ಕೆ ಬೇಡ: ಹೆಮಿನ್, ವಿಟಮಿನ್ ಕೆ, ಆಮ್ಲಜನಕವಿಲ್ಲದ ಜಾರ್ ಎಲ್ಲವೂ ಬೇಕಾಗುತ್ತದೆ.

ಇನ್ನು, ಮನೆಯಲ್ಲೇ ಬೆಳೆಸುವ ಯೋಚನೆ ಬಿಟ್ಟುಬಿಡಿ. ಕಾಲೇಜಿನ ಲ್ಯಾಬಿನಲ್ಲಿ, ಮೇಷ್ಟ್ರ ಎದುರಿಗೇ ಮಾಡಿ. ಬಳಸಿದ ಪ್ಲೇಟುಗಳನ್ನು ಆಟೊಕ್ಲೇವ್ ಮಾಡಿಯೇ ಎಸೆಯಿರಿ.