ಅಂಕಪಟ್ಟಿ ಕೊನೆಯ ತೀರ್ಪಲ್ಲ



ಫಲಿತಾಂಶ ಬಂದ ದಿನ ಕೆಲವು ಮನೆಗಳಲ್ಲಿ ಸಿಹಿ ಹಂಚುತ್ತಾರೆ. ಇನ್ನು ಕೆಲವು ಮನೆಗಳಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಈ ಪಾಠ ಆ ಎರಡನೆಯ ಮನೆಯವರಿಗಾಗಿ.

ಅಂಕಪಟ್ಟಿಯಲ್ಲಿ ಬರೆಯದ ಸಂಗತಿಗಳು ಬಹಳ. ತಂದೆ ಹಾಸಿಗೆ ಹಿಡಿದ ಮನೆಯಲ್ಲಿ ಮಗ ಬೆಳಗಿನ ಜಾವ ಮಲ್ಪೆ ಬಂದರಿಗೆ ಕೆಲಸಕ್ಕೆ ಹೋಗಿ, ಆಮೇಲೆ ತರಗತಿಯಲ್ಲಿ ತೂಕಡಿಸುತ್ತಾನೆ. ತಾಯಿಯೊಂದಿಗೆ ಬೀಡಿ ಕಟ್ಟಿ, ತಮ್ಮ ತಂಗಿಯರಿಗೆ ಉಣ್ಣಿಸಿ, ರಾತ್ರಿ ಹನ್ನೊಂದಕ್ಕೆ ಪುಸ್ತಕ ತೆರೆಯುವ ಮಗಳಿದ್ದಾಳೆ. ಇವರಿಗೆ ಅಂಕ ಕಡಿಮೆ ಬಂದರೆ ಅದು ಬುದ್ಧಿಯ ಕೊರತೆಯೇ? ಸಮಯದ ಕೊರತೆಯೇ? ಮೊದಲು ಈ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಕಂಡುಕೊಳ್ಳಿ. ಕಾರಣ ತಿಳಿಯದೆ ಪರಿಹಾರ ಸಿಗದು.

ಕಾರ್ಕಳದಿಂದ ಉಡುಪಿಗೆ ಬರುವ ಬಸ್ಸಿನ ಕಿಟಕಿಯಿಂದ ಮಣಿಪಾಲದ ಎತ್ತರದ ಕಟ್ಟಡಗಳು ಕಾಣುತ್ತವೆ. 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾದ ಆ ಗುಡ್ಡ 1993ರಲ್ಲಿ ವಿಶ್ವವಿದ್ಯಾಲಯದ ಸ್ಥಾನ ಪಡೆಯಿತು. ನಮ್ಮ ಮಕ್ಕಳಲ್ಲಿ ಹಲವರು ವಿಶ್ವವಿದ್ಯಾಲಯವೆಂದರೆ ಅದೊಂದೇ ಎಂದು ತಿಳಿದು, ಅಲ್ಲಿನ ಶುಲ್ಕವನ್ನೂ ತಮ್ಮ ಅಂಕಗಳನ್ನೂ ನೆನೆದು ಓದನ್ನೇ ಕೈಬಿಡುತ್ತಾರೆ. ಆದರೆ 1980ರಲ್ಲಿ ಸ್ಥಾಪನೆಯಾದ ಮಂಗಳೂರು ವಿಶ್ವವಿದ್ಯಾಲಯದ ಪದವಿ ನಿಮ್ಮ ಊರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲೇ ದೊರೆಯುತ್ತದೆ. ಕಾಪುವಿನಲ್ಲಿ ಇದೆ, ಕಾರ್ಕಳದಲ್ಲಿ ಇದೆ, ಉಡುಪಿಯ ಅಜ್ಜರಕಾಡಿನಲ್ಲಿ ಹೆಣ್ಣುಮಕ್ಕಳಿಗಾಗಿಯೇ ಇದೆ. ಬಯಸಿದ ವಿಭಾಗ ಸಿಗದಿರಬಹುದು. ಆದರೆ ಪಿಯುಸಿ ಪಾಸಾದವರಿಗೆ ಪದವಿಯ ದಾರಿ ಮುಚ್ಚಿಲ್ಲ.

ಪಿಯುಸಿಯಲ್ಲೇ ಅನುತ್ತೀರ್ಣರಾದವರು ಏನು ಮಾಡಬೇಕು? ಉತ್ತರಪತ್ರಿಕೆಯ ಪ್ರತಿ ತರಿಸಿ, ವಿಷಯದ ಉಪನ್ಯಾಸಕರಿಗೆ ತೋರಿಸಿ. ಅನ್ಯಾಯವಾಗಿದ್ದರೆ ಮರುಮೌಲ್ಯಮಾಪನ ಕೇಳಿ. ಇಲ್ಲವಾದರೆ ಎಲ್ಲಿ ತಪ್ಪಿದ್ದೇವೆಂದಾದರೂ ತಿಳಿಯುತ್ತದೆ. 2024ರಲ್ಲಿ ಜಾರಿಗೆ ಬಂದ ಪರೀಕ್ಷೆ-1, ಪರೀಕ್ಷೆ-2 ಎಂಬ ಕ್ರಮದಲ್ಲಿ ಮತ್ತೆ ಬರೆಯಲು ಇಡೀ ವರ್ಷ ಕಾಯಬೇಕಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಇನ್ನೊಂದು ದಾರಿಯಿದೆ. ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಪಡೆದು, ಡಿಸಿಇಟಿ ಪರೀಕ್ಷೆ ಬರೆದರೆ ನೇರವಾಗಿ ಇಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಸೇರಬಹುದು. ದುಡಿಯಲೇಬೇಕಾದ ಕಾರಣ ದಿನಾ ತರಗತಿಗೆ ಬರಲಾಗದವರಿಗೆ ಮೈಸೂರಿನಲ್ಲಿ 1996ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಿದೆ.

ಒಂದು ವಿಷಯವನ್ನು ಚೆನ್ನಾಗಿ ನೆನಪಿಡಿ. ಎಂ.ಎ., ಎಂ.ಕಾಂ.ಗೆ ಸೇರುವಾಗ ನೋಡುವುದು ಪದವಿಯ ಅಂಕಗಳನ್ನು. ಇಂದು ನಿಮ್ಮನ್ನು ಚುಚ್ಚುವ ಪಿಯುಸಿಯ ಅಂಕ ಮೂರು ವರ್ಷಗಳ ನಂತರ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಪದವಿಯ ಮೊದಲ ಸೆಮಿಸ್ಟರಿನಿಂದಲೇ ಗಟ್ಟಿಯಾಗಿ ಓದಿ.

ಇನ್ನು ಹಣದ ಮಾತು. ಫಲಿತಾಂಶದವರೆಗೆ ಕಾಯದೆ ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಮಾಡಿಸಿಡಿ. ಅದರ ಮೇಲಿನ ಆರ್‌ಡಿ ಸಂಖ್ಯೆ ಇಲ್ಲದೆ ರಾಜ್ಯ ವಿದ್ಯಾರ್ಥಿವೇತನದ ಅರ್ಜಿ ಮುಂದೆ ಹೋಗದು. ತಾಯಿಯ ಬಳಿ ಬೀಡಿ ಕಾರ್ಮಿಕರ ಗುರುತಿನ ಚೀಟಿ ಇದ್ದರೆ ಕೇಂದ್ರ ಕಾರ್ಮಿಕ ಇಲಾಖೆಯ ವಿದ್ಯಾರ್ಥಿವೇತನವನ್ನು ವಿಚಾರಿಸಿ. ಸಿಇಟಿ ಮೂಲಕ ವೃತ್ತಿಶಿಕ್ಷಣದ ಸೀಟು ಪಡೆದ ಅಲ್ಪಸಂಖ್ಯಾತರ ಮಕ್ಕಳಿಗೆ ಅಭಿವೃದ್ಧಿ ನಿಗಮದ 'ಅರಿವು' ಸಾಲವಿದೆ. ಕೊನೆಯ ದಿನಾಂಕ ದಾಟಿ ಸೌಲಭ್ಯ ಕಳೆದುಕೊಂಡವರು ಎಷ್ಟೋ ಮಂದಿ.

ಮನೆಯ ಕಷ್ಟವನ್ನು ಮುಚ್ಚಿಡಬೇಡಿ. ನಂಬಿಕೆಯ ಒಬ್ಬ ಉಪನ್ಯಾಸಕರಿಗಾದರೂ ತಿಳಿಸಿ. ಕಾರಣ ಗೊತ್ತಿಲ್ಲದವರಿಗೆ ನೀವು ಸೋಮಾರಿಗಳಾಗಿಯೇ ಕಾಣುವಿರಿ. ಮನೆಯಲ್ಲಿ ಓದಲು ಜಾಗವಿಲ್ಲದಿದ್ದರೆ ಊರಿನ ಗ್ರಂಥಾಲಯದಲ್ಲೋ ನೆಂಟರ ಮನೆಯಲ್ಲೋ ದಿನಕ್ಕೆ ಎರಡು ಗಂಟೆ ಗೊತ್ತುಮಾಡಿಕೊಳ್ಳಿ. ಫಜ್ರ್ ನಮಾಝಿನ ನಂತರದ ಹೊತ್ತು ಅನೇಕ ಮನೆಗಳಲ್ಲಿ ಶಾಂತವಾಗಿರುತ್ತದೆ. ಅದನ್ನು ನಿದ್ದೆಗೆ ಬಿಟ್ಟುಕೊಡಬೇಡಿ.

ಹಿರಿಯರಿಗೂ ಒಂದು ಮಾತು. ಸೋತ ಮಗುವಿನ ಮುಂದೆ ನೆರೆಮನೆಯ ಮಗುವಿನ ಅಂಕ ಹೇಳಬೇಡಿ. ಮಗಳ ಅಂಕ ಕಡಿಮೆಯಾಯಿತೆಂದು ಅವಸರದಿಂದ ಮದುವೆಯ ಮಾತು ತೆಗೆಯಬೇಡಿ. ಮಗನನ್ನು ಗಲ್ಫಿಗೆ ಕಳುಹಿಸುವ ಯೋಚನೆಯಿದ್ದರೂ ಪದವಿ ಮುಗಿಸಿ ಹೋಗಲಿ. ಜಮಾಅತ್‌ಗಳು ಪ್ರಥಮ ಬಂದವರನ್ನು ಸನ್ಮಾನಿಸುವುದು ಒಳ್ಳೆಯದು. ಅದೇ ದಿನ ಅನುತ್ತೀರ್ಣರಾದವರ ಮನೆಗೂ ಇಬ್ಬರು ಹೋಗಿ ಮರುಪರೀಕ್ಷೆಯ ಶುಲ್ಕ ಕಟ್ಟಿದ್ದೀರಾ ಎಂದು ವಿಚಾರಿಸಿದರೆ ಅದು ಅದಕ್ಕಿಂತ ದೊಡ್ಡ ಸೇವೆ.

ಎಲ್ಲವನ್ನೂ ಅಲ್ಲಾಹನಿಗೆ ಒಪ್ಪಿಸಿದ್ದೇನೆಂದು ಕೆಲವರು ಸುಮ್ಮನೆ ಕೂರುತ್ತಾರೆ. ತವಕ್ಕುಲ್ ಎಂದರೆ ಅದಲ್ಲ. ಅರ್ಜಿ ತುಂಬಿ, ಪುಸ್ತಕ ತೆರೆದು, ನಮ್ಮ ಪಾಲಿನ ದುಡಿಮೆ ಮುಗಿಸಿದ ಮೇಲೆ ಫಲವನ್ನು ಅವನಿಗೆ ಒಪ್ಪಿಸುವುದೇ ತವಕ್ಕುಲ್. ಈ ವಾರವೇ ಹತ್ತಿರದ ಕಾಲೇಜಿಗೆ ಹೋಗಿ, ಅರ್ಜಿಗೆ ಕೊನೆಯ ದಿನ ಯಾವುದೆಂದು ಕೇಳಿ ಬನ್ನಿ.