ಸ್ಪರ್ಧಾ ಪರೀಕ್ಷೆಗೆ ಮನೆಯ ಅಭ್ಯಾಸ

ಕನ್ನಡ ಮಾಧ್ಯಮದಲ್ಲಿ ಕಲಿತವರಿಗೆ ಸ್ಪರ್ಧಾ ಪರೀಕ್ಷೆಯ ಇಂಗ್ಲಿಷು ಎಟುಕದೆಂಬ ಭಯವು ವಿದ್ಯಾರ್ಥಿಗಳಲ್ಲಿಯೂ ಪೋಷಕರಲ್ಲಿಯೂ ಉಂಟು. ತಪ್ಪು ಎಲ್ಲಿ ಹುಟ್ಟುವುದೆಂಬುದನ್ನು ಅರಿತರೆ ಈ ಭಯವು ಬಹುಮಟ್ಟಿಗೆ ನೀಗುವುದು.

ಒಂದು ಉದಾಹರಣೆಯನ್ನು ನೋಡೋಣ. ‘1984ರಿಂದ’, ‘ಹತ್ತು ವರ್ಷಗಳಿಂದ’ ಎಂಬ ಎರಡೆಡೆಯಲ್ಲಿಯೂ ನಾವು ‘ಇಂದ’ ಪ್ರತ್ಯಯವನ್ನೇ ಬಳಸುತ್ತೇವೆ. ಇಂಗ್ಲಿಷಿನಲ್ಲಾದರೋ ಮೊದಲನೆಯದಕ್ಕೆ ‘ಸಿನ್ಸ್’, ಎರಡನೆಯದಕ್ಕೆ ‘ಫಾರ್’. ಬಿಟ್ಟ ಸ್ಥಳವನ್ನು ತುಂಬುವಾಗ ನಾವು ಎಡವುವುದು ಇಲ್ಲಿಯೇ. ‘ಎಂದಿನಿಂದ?’ ಎಂಬುದಕ್ಕೆ ಉತ್ತರವಾದರೆ ‘ಸಿನ್ಸ್’, ‘ಎಷ್ಟು ಕಾಲದಿಂದ?’ ಎಂಬುದಕ್ಕಾದರೆ ‘ಫಾರ್’. ಹೀಗೆ ಕನ್ನಡವೇ ನಮಗೆ ದಾರಿ ತೋರುವುದು.

ಸಾಮಾನ್ಯಜ್ಞಾನವನ್ನು ಬಿಡಿಬಿಡಿಯಾಗಿ ಕಂಠಪಾಠ ಮಾಡಿದರೆ ನಿಲ್ಲದು. ಕಾರಣದೊಡನೆ ಹೆಣೆದರೆ ನಿಲ್ಲುವುದು. ಕೇರಳ ರಾಜ್ಯವು ಉದಯಿಸಿದ್ದು 1956ನೆಯ ನವೆಂಬರ್ 1ರಂದು. ಅಂದೇ ಏಕೆ? ರಾಜ್ಯಗಳ ಪುನರ್ವಿಂಗಡಣೆಯು ಜಾರಿಗೆ ಬಂದ ದಿನವದು. ಅಂದೇ ಮೈಸೂರು ರಾಜ್ಯವು ವಿಸ್ತಾರಗೊಂಡಿತು. ಅದಕ್ಕೆ 1973ರಲ್ಲಿ ಕರ್ನಾಟಕವೆಂಬ ಹೆಸರಾಯಿತು. ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ನಮ್ಮ ಕಾಸರಗೋಡು ತಾಲೂಕು ಅಂದೇ ಕೇರಳಕ್ಕೆ ಸೇರಿತು. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರ ಮೇ 24ರಂದು. ಒಂದು ಪ್ರಶ್ನೆಯಿಂದ ಹಲವು ಉತ್ತರಗಳು ದೊರೆತವು.

ಊಹೆಯಿಂದ ಗುರುತು ಹಾಕುವುದು ತರವಲ್ಲ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೆಯ ಒಂದು ಪಾಲನ್ನು ಕಳೆಯುವರು.

ಆದುದರಿಂದ ದಿನಕ್ಕೆ ಐದೇ ಪ್ರಶ್ನೆಗಳನ್ನು ಆರಿಸಿ, ಉತ್ತರಗಳನ್ನು ಪೂರ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯೋಣ. ಒಂದೇ ಬರವಣಿಗೆಯಲ್ಲಿ ಎರಡು ಅಭ್ಯಾಸಗಳೂ ನಡೆಯುವುವು. ಇಂಗ್ಲಿಷು ಬಾರದ ತಾಯಿತಂದೆಗಳೂ ಪಕ್ಕದಲ್ಲಿ ಕುಳಿತು ‘ಏಕೆ?’ ಎಂದು ಕೇಳಬಹುದು. ಆ ಪ್ರಶ್ನೆಗೆ ಕನ್ನಡವೇ ಸಾಕು.