ಶೇಂಗಾ ಸೊರಗು: ಬೀಜಕ್ಕೆ ಔಷಧಿ, ಸಾಲಿಗೆ ಟ್ರೈಕೊಡರ್ಮಾ

ಕೊಂಡ್ಲಹಳ್ಳಿಯಂಥ ಚಳ್ಳಕೆರೆ–ಮೊಳಕಾಲ್ಮುರು ಸೀಮೆಯ ಊರುಗಳಲ್ಲಿ ಮಳೆಯಾಶ್ರಿತ ಶೇಂಗಾವೇ ಬದುಕು. ವರ್ಷವೂ ಅದೇ ಹೊಲಕ್ಕೆ ಅದೇ ಬೆಳೆ ಬಿದ್ದರೆ ಸೊರಗು ರೋಗದ ಶಿಲೀಂಧ್ರ ಮಣ್ಣಿನಲ್ಲಿ ಬೀಡುಬಿಡುತ್ತದೆ. ಎಳೆ ಸಸಿಯ ಕತ್ತು ಕಪ್ಪಾಗಿ ಕೊಳೆತರೆ ಆಸ್ಪರ್ಜಿಲಸ್. ಕಾಯಿ ಕಟ್ಟುವ ಹೊತ್ತಿಗೆ ಬುಡದಲ್ಲಿ ಬಿಳಿ ಎಳೆಯೂ ಸಾಸಿವೆಯಂಥ ಗುಂಡುಗಳೂ ಕಂಡರೆ ಸ್ಕ್ಲೆರೋಷಿಯಂ. ಆ ಗುಂಡುಗಳು ವರ್ಷಗಟ್ಟಲೆ ಬದುಕುತ್ತವೆ. ಬೀಜಕ್ಕೆ ಹಚ್ಚಿದ ಔಷಧಿಯ ಶಕ್ತಿಯಾದರೋ ಕೆಲವು ವಾರಗಳದ್ದು. ಅದೊಂದನ್ನೇ ನಂಬುವಂತಿಲ್ಲ ಎನ್ನುವುದು ಇದಕ್ಕೇ.

ಜೊತೆಗೆ ಮಣ್ಣಿನಲ್ಲಿ ರೋಗದ ಶಿಲೀಂಧ್ರವನ್ನು ಅಡಗಿಸುವ ಟ್ರೈಕೊಡರ್ಮಾವೂ ಬೇಕು. ಹಾಗೆಂದು ಔಷಧಿ, ಟ್ರೈಕೊಡರ್ಮಾ ಎರಡನ್ನೂ ಒಟ್ಟಿಗೆ ಬೀಜಕ್ಕೆ ಬೆರೆಸಬಾರದು. ಟ್ರೈಕೊಡರ್ಮಾ ಕೂಡ ಶಿಲೀಂಧ್ರವೇ. ಬೀಜಕ್ಕೆ ಹಚ್ಚುವ ಕಾರ್ಬೆಂಡಜಿಂ ಅದನ್ನು ಕೊಲ್ಲುತ್ತದೆ, ಸ್ಕ್ಲೆರೋಷಿಯಂಗೆ ಮಾತ್ರ ನಾಟುವುದೇ ಇಲ್ಲ! ಆದ್ದರಿಂದ ಜಾಗ ಬೇರೆ ಮಾಡಿ. ಬಿತ್ತನೆಗೆ 15 ದಿನ ಮುಂಚೆ ಎಕರೆಗೆ 1 ಕಿಲೊ ಟ್ರೈಕೊಡರ್ಮಾ ಪುಡಿಯನ್ನು 100 ಕಿಲೊ ಕಳಿತ ಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿ ರಾಶಿ ಹಾಕಿ, ನೀರು ಚಿಮುಕಿಸಿ, ಒದ್ದೆ ಗೋಣಿ ಹೊದಿಸಿ. ನಡುವೆ ಒಂದೆರಡು ಸಲ ತಿರುವಿ ಹಾಕಿ. ಬಿತ್ತುವ ದಿನ ಕಿಲೊ ಬೀಜಕ್ಕೆ 2ರಿಂದ 3 ಗ್ರಾಂ ಕಾರ್ಬಾಕ್ಸಿನ್–ಥೈರಾಂ ಮಿಶ್ರಣವನ್ನು ಸಿಪ್ಪೆ ಕೀಳದಂತೆ ಲೇಪಿಸಿ. ಹದ ಇರುವಾಗಲೇ ಗೊಬ್ಬರವನ್ನು ಸಾಲಿಗೆ ಬಿಟ್ಟು ಬಿತ್ತಿ. ಎಳೆ ಸಸಿಯನ್ನು ಔಷಧಿ ಕಾಯುತ್ತದೆ. ಅದರ ಬಲ ಕುಗ್ಗುವಷ್ಟರಲ್ಲಿ ಟ್ರೈಕೊಡರ್ಮಾ ಬೇರಿನ ಸುತ್ತ ಹಬ್ಬಿರುತ್ತದೆ.

ಒಣ ಸೀಮೆಯಲ್ಲಿ ಟ್ರೈಕೊಡರ್ಮಾ ಉಳಿದೀತೇ ಎಂಬ ಅನುಮಾನ ನ್ಯಾಯವಾದದ್ದು. ಬರೀ ಪುಡಿಯನ್ನು ಒಣ ಮಣ್ಣಿಗೆ ಎರಚಿದರೆ ಉಳಿಯದು. ಗೊಬ್ಬರವೇ ಅದಕ್ಕೆ ಆಹಾರ, ತೇವದ ಆಸರೆ. ಗೊಬ್ಬರ ಸಾಲದು ಎನ್ನುವವರಿಗೆ ಈ ಸೀಮೆಯ ಕುರಿ ಮಂದೆಗಳಿವೆ. ಚೆನ್ನಾಗಿ ಕಳಿತ ಕುರಿ ಗೊಬ್ಬರವೂ ನಡೆಯುತ್ತದೆ. ಇಷ್ಟಾದರೂ ಕೆಲವು ಗಿಡ ಸೊರಗಬಹುದು. ಆಗ ಇಡೀ ಹೊಲಕ್ಕೆ ಟೆಬುಕೊನಜೋಲ್‌ನಂಥ ಶಿಲೀಂಧ್ರನಾಶಕ ಸುರಿದರೆ ಬೆಳೆಸಿದ ಟ್ರೈಕೊಡರ್ಮಾವೇ ಸಾಯುತ್ತದೆ. ರೋಗದ ಗಿಡವನ್ನು ಬುಡದ ಮಣ್ಣಿನ ಸಮೇತ ತೆಗೆದು ಸುಡಿ. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಗಿಡ ತೆಗೆದ ಗುಂಡಿಗೆ ಮತ್ತು ಅಕ್ಕಪಕ್ಕದ ಗಿಡಗಳ ಬುಡಕ್ಕೆ ಮಾತ್ರ ಔಷಧಿ ಹಾಕಿ. ಕೊಯ್ಲಿನ ಮೇಲೆ ಆಳವಾಗಿ ಮಾಗಿ ಉಳುಮೆ ಮಾಡಿದರೆ ಗುಂಡುಗಳು ಕೆಳಗೆ ಹೂತುಹೋಗುತ್ತವೆ. ಮುಂದಿನ ವರ್ಷ ಅಲ್ಲಿ ಸಜ್ಜೆಯನ್ನೋ ನವಣೆಯನ್ನೋ ಬಿತ್ತಿ.